ಗ್ಯಾಸ್ ಮಾತ್ರೆ ಜೊತೆಗೇ ನುಂಗಿದ್ದೆ, ಆದರೂ ಕರುಳು ಯಾಕೆ ಕೆರಳಿತು?

ಪ್ರಶ್ನೆ: ನನಗೆ 56 ವರ್ಷ. ಶಾಲೆಯಲ್ಲಿ ಪಾಠ ಮಾಡುತ್ತೇನೆ, ದಿನಕ್ಕೆ ಐದು ಗಂಟೆ ನಿಂತೇ ಇರಬೇಕು. ಏಳು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತವಾಗಿ ಹುಣ್ಣಾಗುವ ಕಾಯಿಲೆ) ಇದೆ. ಅದಕ್ಕೆ ದಿನವೂ ಮೆಸಲಮೈನ್ ಮಾತ್ರೆ ತಗೊಳ್ಳುತ್ತೇನೆ, ಎರಡು ವರ್ಷದಿಂದ ಹೊಟ್ಟೆ ಸುಮ್ಮನಿತ್ತು. ಬಲಮಂಡಿ ಸವೆದಿದೆ ಅಂತ ಮೂರು ವರ್ಷದ ಹಿಂದೆ ಎಕ್ಸ್‌ರೇ ನೋಡಿ ಹೇಳಿದ್ದರು. ನಾಲ್ಕು ತಿಂಗಳಿಂದ ಬೆಳಗ್ಗೆ ಎದ್ದಾಗ ಕೈಬೆರಳುಗಳೂ ಬಿಗಿಯಾಗಿರುತ್ತವೆ. ಕಳೆದ ತಿಂಗಳು ಮಂಡಿನೋವು ತಡೆಯಲಾಗದೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದು, ಜೊತೆಗೆ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆಯನ್ನೂ ನುಂಗಿದೆ. ಮಂಡಿ ಹಗುರಾಯಿತು. ಆದರೆ ಎಂಟನೇ ದಿನ ಹೊಟ್ಟೆ ಹಿಂಡಿದಂತಾಗಿ ಆರು ಸಲ ಭೇದಿ, ರಕ್ತವೂ ಬಂತು. ಮಾತ್ರೆ ನಿಲ್ಲಿಸಿ ಮೂರು ವಾರ ಆಯಿತು. ರಕ್ತ ನಿಂತಿದೆ, ಇನ್ನೂ ದಿನಕ್ಕೆ ಮೂರು ಸಲ ಹೋಗಬೇಕು. ಪ್ಯಾರಸಿಟಮಾಲ್ ಒಂದು ಮಾತ್ರೆ ನುಂಗಿದರೆ ನೋವು ಏನೂ ಕಡಿಮೆಯಾಗುವುದಿಲ್ಲ. ಗ್ಯಾಸ್ ಮಾತ್ರೆ ಜೊತೆಗೇ ತಗೊಂಡರೂ ಹೀಗೇಕಾಯಿತು? ನನ್ನ ಹೊಟ್ಟೆಗೆ ಒಗ್ಗುವ ನೋವಿನ ಮಾತ್ರೆ ಯಾವುದು? ಆರು ಡೈಕ್ಲೋಫೆನಾಕ್ ಇನ್ನೂ ಡ್ರಾಯರಿನಲ್ಲಿವೆ. ತೀರಾ ತಡೆಯಲಾಗದ ದಿನ ಒಂದೊಂದು ತಗೊಳ್ಳಬಹುದಾ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ರಕ್ತ ನಿಂತಿತಲ್ಲ ಅಂತ ನಿಮ್ಮ ಕರುಳಿನ ಡಾಕ್ಟರಿಗೆ ವಿಷಯ ಹೇಳದೆ ಬಿಟ್ಟಿದ್ದೀರಿ ಅಂತ ನಿಮ್ಮ ಪತ್ರ ಓದಿದರೆ ಅನಿಸುತ್ತದೆ. ಈ ವಾರವೇ ಹೇಳಿ. ಎರಡು ವರ್ಷ ಸುಮ್ಮನಿದ್ದ ಕರುಳು ಮೂರು ವಾರವಾದರೂ ಪೂರ್ತಿ ಹಳೆಯ ಸ್ಥಿತಿಗೆ ಬಂದಿಲ್ಲ ಅಂದರೆ ಒಳಗೆ ಉರಿಯೂತ ಇನ್ನೂ ಆರಿಲ್ಲದಿರಬಹುದು. ಅಥವಾ ಅದೇ ಹೊತ್ತಿಗೆ ಏನೋ ಸೋಂಕು ತಗುಲಿರಲೂಬಹುದು. ಮಲದ ಪರೀಕ್ಷೆ ಮಾಡಿಸಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಪರೀಕ್ಷೆ ಕರುಳಿನಲ್ಲಿ ಉರಿಯೂತ ಇದೆಯಾ ಇಲ್ಲವಾ ಅಂತ ಚೆನ್ನಾಗಿ ತೋರಿಸುತ್ತದೆ. ಒಂದು ತೊಡಕಿದೆ: ನೋವಿನ ಮಾತ್ರೆಯೂ, ಗ್ಯಾಸ್ ಮಾತ್ರೆಯೂ ಆ ಅಂಕಿಯನ್ನು ತಾವಾಗಿಯೇ ಏರಿಸಬಲ್ಲವು. ಹಾಗಾಗಿ ಯಾವುದನ್ನು ಯಾವತ್ತು ನಿಲ್ಲಿಸಿದಿರಿ ಅಂತ ತಾರೀಖು ಸಮೇತ ಹೇಳಿ.

ಈಗ ಗ್ಯಾಸ್ ಮಾತ್ರೆಯ ವಿಷಯ. ಇದೇ ಪ್ರಶ್ನೆಯನ್ನು ವಾರಕ್ಕೊಮ್ಮೆಯಾದರೂ ಯಾರಾದರೂ ನನ್ನನ್ನು ಕೇಳುತ್ತಾರೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಅಸಿಕ್ಲೋಫೆನಾಕ್, ಇಂಡೊಮೆಥಸಿನ್ ಎಲ್ಲವೂ ಒಂದೇ ಮನೆತನದವು. ಆಸ್ಪಿರಿನ್ ಇವುಗಳ ಅಜ್ಜ. ಇವು ಹೇಗೆ ಕೆಲಸ ಮಾಡುತ್ತವೆ ಅಂತ 1971ರವರೆಗೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷ ಜಾನ್ ವೇನ್ ಅನ್ನುವ ವಿಜ್ಞಾನಿ, ಇವು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತು ತಯಾರಾಗುವುದನ್ನೇ ತಡೆಯುತ್ತವೆ ಅಂತ ತೋರಿಸಿದರು. 1982ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಈ ಪ್ರೊಸ್ಟಗ್ಲಾಂಡಿನ್ ಮಂಡಿಯಲ್ಲಿ ಹೆಚ್ಚಾದರೆ ನೋವು, ಊತ. ಆದರೆ ಹೊಟ್ಟೆಯಲ್ಲಿ ಅದಕ್ಕೆ ಬೇರೆಯೇ ಕೆಲಸ. ಒಳಪದರದ ಮೇಲೆ ಲೋಳೆ ಹಾಸಿಡುವುದು, ಅಲ್ಲಿಗೆ ರಕ್ತ ಚೆನ್ನಾಗಿ ಹರಿಯುವಂತೆ ನೋಡಿಕೊಳ್ಳುವುದು, ಸಣ್ಣಪುಟ್ಟ ಗಾಯ ಮಾಯಿಸುವುದು. ನೀವು ನುಂಗಿದ ಮಾತ್ರೆಗೆ ಮಂಡಿ ಯಾವುದು, ಕರುಳು ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಎರಡೂ ಕಡೆ ಬಾಗಿಲು ಮುಚ್ಚಿಬಿಡುತ್ತದೆ.

ಪ್ಯಾಂಟೊಪ್ರಜೋಲ್ ಮಾಡುವುದು ಒಂದೇ ಕೆಲಸ: ಆಮ್ಲ ಕಡಿಮೆ ಮಾಡುವುದು. ಆಮ್ಲ ಇರುವುದು ಜಠರದಲ್ಲಿ, ಮತ್ತು ಅದರಾಚೆ ಸಣ್ಣ ಕರುಳು ಶುರುವಾಗುವ ಮೊದಲ ತಿರುವಿನಲ್ಲಿ. ಅಷ್ಟು ಜಾಗದಲ್ಲಿ ಹುಣ್ಣಾಗದಂತೆ ಅದು ನಿಜಕ್ಕೂ ಕಾಯುತ್ತದೆ. ಅಲ್ಲಿಂದ ಕೆಳಗೆ ಮೀಟರುಗಟ್ಟಲೆ ಕರುಳಿದೆ, ಅಲ್ಲಿ ಕಡಿಮೆ ಮಾಡಲು ಆಮ್ಲವೇ ಇಲ್ಲ. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ನುಂಗುವ ಪುಟ್ಟ ಕ್ಯಾಮೆರಾ 2001ರಲ್ಲಿ ಬಳಕೆಗೆ ಬಂದ ಮೇಲೆ ಸಣ್ಣ ಕರುಳಿನ ಒಳಗನ್ನು ನೇರವಾಗಿ ನೋಡುವುದು ಸಾಧ್ಯವಾಯಿತು. ನೋವಿನ ಮಾತ್ರೆಯ ಜೊತೆ ಗ್ಯಾಸ್ ಮಾತ್ರೆ ತಗೊಂಡವರಲ್ಲೂ ಅಲ್ಲಲ್ಲಿ ತರಚಿದ ಗಾಯಗಳು ಕಂಡವು.

ನಿಮ್ಮದು ಇನ್ನೂ ಕೆಳಗಿನ ಕಾಯಿಲೆ, ದೊಡ್ಡ ಕರುಳಿನದು. 2006ರಲ್ಲಿ ಬಂದ ಒಂದು ಅಧ್ಯಯನ ನೆನಪಾಗುತ್ತದೆ. ನಿಮ್ಮ ಹಾಗೆಯೇ ಕರುಳಿನ ಉರಿಯೂತದ ಕಾಯಿಲೆ ಶಾಂತವಾಗಿದ್ದವರಿಗೆ ಈ ಗುಂಪಿನ ಮಾತ್ರೆ ಕೊಟ್ಟು ನೋಡಿದರು. ಶೇ. 17ರಿಂದ 28ರಷ್ಟು ಜನರಲ್ಲಿ ಒಂಬತ್ತು ದಿನದೊಳಗೆ ಕಾಯಿಲೆ ಮರುಕಳಿಸಿತು. ಪ್ಯಾರಸಿಟಮಾಲ್ ತಗೊಂಡವರಲ್ಲಿ ಹಾಗಾಗಲಿಲ್ಲ. ನಿಮಗಾಗಿದ್ದು ಎಂಟನೇ ದಿನ. ಹಾಗಂತ ಇದು ಡೈಕ್ಲೋಫೆನಾಕ್‌ನದೇ ಕೆಲಸ ಅಂತ ನಾನು ಆಣೆ ಮಾಡಲಾರೆ. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ ಎಲ್ಲವೂ ಒಂದೇ ಮಾತು ಹೇಳಿಲ್ಲ. ಎಷ್ಟೋ ಜನ ಏನೂ ಆಗದೆ ಪಾರಾಗುತ್ತಾರೆ. ಆದರೆ ಆ ಅದೃಷ್ಟವಂತರಲ್ಲಿ ನೀವಿಲ್ಲ ಅನ್ನುವುದಕ್ಕೆ ನಿಮ್ಮ ಕರುಳೇ ಸಾಕ್ಷಿ ಹೇಳಿದೆ. ಅದನ್ನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುವುದು ಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೊಲೈಟಿಸ್ ಇದ್ದ ಒಬ್ಬರಿಗೆ "ಗ್ಯಾಸ್ ಮಾತ್ರೆ ಜೊತೆಗೆ ತಗೊಳ್ಳಿ, ಏನಾಗಲ್ಲ" ಅಂತ ನಾನೇ ಬರೆದುಕೊಟ್ಟಿದ್ದೆ. ಎರಡು ವಾರಕ್ಕೆ ಅವರು ವಾರ್ಡಿನಲ್ಲಿದ್ದರು. "ನೀವು ಹೇಳಿದ ಹಾಗೇ ತಗೊಂಡೆ ಸಾರ್" ಅಂದಿದ್ದು ಇನ್ನೂ ಕಿವಿಯಲ್ಲಿದೆ.

ಈ ನಂಬಿಕೆಯ ಅಣ್ಣತಮ್ಮಂದಿರು ಇನ್ನೂ ಕೆಲವರಿದ್ದಾರೆ. ಊಟ ಆದ ಮೇಲೆ ತಗೊಂಡರೆ ಅಪಾಯವಿಲ್ಲ ಅನ್ನುತ್ತಾರೆ. ಊಟದ ಜೊತೆ ತಗೊಂಡರೆ ಹೊಟ್ಟೆ ಉರಿ ಕಡಿಮೆಯಾಗಬಹುದು, ಹುಣ್ಣಾಗುವ ಅಪಾಯ ಹೋಗುವುದಿಲ್ಲ. ಇಂಜೆಕ್ಷನ್ ಆದರೆ ಹೊಟ್ಟೆಗೇ ಹೋಗಲ್ಲವಲ್ಲ ಅನ್ನುತ್ತಾರೆ. ಹೋಗುತ್ತದೆ, ರಕ್ತದ ದಾರಿಯಲ್ಲಿ ಹೋಗುತ್ತದೆ. ಗುದದ್ವಾರದಲ್ಲಿಡುವ ಮಾತ್ರೆಗೂ ಇದೇ ಮಾತು. ನಿಮ್ಮ ಕಾಯಿಲೆಯಲ್ಲಂತೂ ಅದು ನೇರವಾಗಿ ಗಾಯದ ಮೇಲೇ ಇಟ್ಟ ಹಾಗೆ. ಜಠರದಲ್ಲಿ ಕರಗದ ಲೇಪದ ಮಾತ್ರೆ ಅಂದರೆ ಕರುಳಿಗೆ ಹೋಗಿ ಕರಗುವ ಮಾತ್ರೆ, ಅಷ್ಟೇ.

ಇನ್ನೊಂದು ಸಂಗತಿ. ಇದನ್ನು ಯಾರೂ ಹೇಳುವುದಿಲ್ಲ. ಮೆಸಲಮೈನ್ ಅಪರೂಪಕ್ಕೆ ಕಿಡ್ನಿಗೆ ತೊಂದರೆ ಕೊಡಬಹುದು. ಡೈಕ್ಲೋಫೆನಾಕ್ ಗುಂಪಿನ ಮಾತ್ರೆಗಳೂ ಕಿಡ್ನಿಗೆ ಹೊರೆ. ಎರಡೂ ಸೇರಿ, ಮೇಲೆ ಭೇದಿಯಾಗಿ ಮೈಯ ನೀರೂ ಕಡಿಮೆಯಾದರೆ? ಹಿಮೋಗ್ಲೋಬಿನ್ ಮತ್ತು ಸಿಆರ್‌ಪಿ (ಉರಿಯೂತ ತೋರಿಸುವ ಪರೀಕ್ಷೆ) ಗೆ ರಕ್ತ ಕೊಡುವಾಗ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಕೂಡ ಸೇರಿಸಿ ಅಂತ ಹೇಳಿ.

ಎರಡನೇ ಪ್ರಶ್ನೆ, ಯಾವ ಮಾತ್ರೆ ಒಗ್ಗುತ್ತದೆ ಅಂತ. ಅದಕ್ಕೆ ಉತ್ತರ ಹೇಳುವ ಮುಂಚೆ ನನಗೇ ಒಂದು ಅನುಮಾನ. ನಿಮ್ಮ ಮಂಡಿಯ ನೋವೂ ಬೆರಳಿನ ಬಿಗಿತವೂ ಒಂದೇ ಕಾಯಿಲೆಯಾ?

ಮಂಡಿಯದು ಸವೆತ ಅಂತ ಎಕ್ಸ್‌ರೇ ಹೇಳಿದೆ, ಒಪ್ಪೋಣ. ಬೆರಳಿನ ಕಥೆ ಬೇರೆ ಇರಬಹುದು. ನಾಳೆ ಬೆಳಗ್ಗೆ ಎದ್ದ ಕೂಡಲೇ ಗಡಿಯಾರ ನೋಡಿ. ಮುಷ್ಟಿ ಕಟ್ಟಲು ನೋಡಿ. ಪೂರ್ತಿ ಮುಷ್ಟಿ ಸಲೀಸಾಗಿ ಕಟ್ಟಲು ಬಂದಾಗ ಮತ್ತೆ ಗಡಿಯಾರ ನೋಡಿ. ಹತ್ತು ಹದಿನೈದು ನಿಮಿಷದಲ್ಲಿ ಸಡಿಲವಾದರೆ, ನೋವು ಉಗುರಿಗೆ ಹತ್ತಿರದ ಗೆಣ್ಣಿನಲ್ಲಿದ್ದರೆ, ಅಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರೆ, ಅದೂ ಸವೆತವೇ ಇರಬಹುದು. ಒಂದು ಗಂಟೆಯಾದರೂ ಬಿಡದಿದ್ದರೆ, ಬೆರಳಿನ ಬುಡದ ಗೆಣ್ಣುಗಳು ಮೆತ್ತಗೆ ಉಬ್ಬಿದ್ದರೆ, ಯಾರಾದರೂ ಕೈಕುಲುಕಿದಾಗ "ಅಯ್ಯೋ" ಅನ್ನುವಂತಾದರೆ, ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳಲ್ಲಿ ಉರಿಯೂತವಾಗುವ ಸಂಧಿವಾತ) ಇದೆಯಾ ಅಂತ ನೋಡಲೇಬೇಕು. ಅದನ್ನು ಬೇಗ ಹಿಡಿದಷ್ಟೂ ಗೆಣ್ಣು ಉಳಿಯುತ್ತದೆ. ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಅನ್ನುವ ರಕ್ತಪರೀಕ್ಷೆಗಳಿವೆ.

ಮೂರನೆಯ ಸಾಧ್ಯತೆಯೂ ಇದೆ. ಕೊಲೈಟಿಸ್ ತಾನೇ ಕೀಲುಗಳಿಗೆ ಕೈ ಹಾಕಬಹುದು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಮಂಡಿ, ಹಿಮ್ಮಡಿಯ ಗಂಟು ಇಂಥ ದೊಡ್ಡ ಕೀಲುಗಳು ಕೆಲವೇ ಊದಿಕೊಳ್ಳುತ್ತವೆ. ಹೊಟ್ಟೆ ಕೆರಳಿದಾಗ ಕೆರಳಿ, ಹೊಟ್ಟೆ ಇಳಿದಾಗ ಇಳಿಯುತ್ತವೆ. ಇನ್ನೊಂದರಲ್ಲಿ ಕೈಯ ಸಣ್ಣ ಗೆಣ್ಣುಗಳು ತುಂಬಾ ಸೇರುತ್ತವೆ, ಹೊಟ್ಟೆಯ ಏರಿಳಿತಕ್ಕೆ ಕಾಯುವುದಿಲ್ಲ. ಬೆನ್ನಿನ ಕೆಳಭಾಗದಲ್ಲಿ ಬೆಳಗಿನ ಜಾವ ನೋವಾಗಿ ಎಚ್ಚರವಾಗಿ, ಎದ್ದು ಓಡಾಡಿದರೆ ಹಗುರಾಗುತ್ತದೆಯಾ ಅಂತಲೂ ಗಮನಿಸಿ. ಹೌದಾದರೆ ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿ.

ಇದೆಲ್ಲ ಯಾಕೆ ಬೇಕು ಅಂದರೆ, ಉರಿಯೂತದ ಸಂಧಿವಾತವಾದರೆ ನೋವಿನ ಮಾತ್ರೆಯ ಹಿಂದೆ ಬೀಳುವ ಅಗತ್ಯವೇ ಕಡಿಮೆ. ಕಾಯಿಲೆಯ ಬುಡಕ್ಕೇ ಕೈ ಹಾಕುವ ಔಷಧಿಗಳಿವೆ, ಅವುಗಳಲ್ಲಿ ಕೆಲವು ಕೀಲಿಗೂ ಕರುಳಿಗೂ ಒಟ್ಟಿಗೆ ಆಗುತ್ತವೆ. ನನಗೆ ತುಂಬಾ ಇಷ್ಟವಾದ ಒಂದು ಕಥೆ ಇಲ್ಲಿದೆ. ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಅನ್ನುವ ವೈದ್ಯೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆಂದೇ ಸಲ್ಫಾ ಔಷಧಿಯನ್ನೂ ಆಸ್ಪಿರಿನ್ನಿನ ಬಂಧುವೊಂದನ್ನೂ ಬೆಸೆದು ಒಂದೇ ಮಾತ್ರೆ ಮಾಡಿಸಿದರು. ಅದೇ ಸಲ್ಫಾಸಲಜಿನ್. ಕೀಲಿಗೆ ಅಂತ ಮಾಡಿದ್ದು ಅಲ್ಸರೇಟಿವ್ ಕೊಲೈಟಿಸ್ ಇದ್ದವರಿಗೆ ಚೆನ್ನಾಗಿ ಹಿಡಿಯಿತು, 1942ರಲ್ಲಿ ಅದನ್ನು ಅವರು ಪ್ರಕಟಿಸಿದರು. ಕರುಳಿನ ಬ್ಯಾಕ್ಟೀರಿಯಾಗಳು ಆ ಬೆಸುಗೆಯನ್ನು ಕತ್ತರಿಸುತ್ತವೆ. ಒಂದು ತುಂಡು ಕರುಳಿನಲ್ಲೇ ಉಳಿದು ಅಲ್ಲಿ ಕೆಲಸ ಮಾಡುತ್ತದೆ. ನೀವು ದಿನವೂ ನುಂಗುವ ಮೆಸಲಮೈನ್ ಅಂದರೆ ಆ ತುಂಡೇ! ಇನ್ನೊಂದು ತುಂಡು ರಕ್ತಕ್ಕೆ ಸೇರುತ್ತದೆ, ಕೀಲಿಗೆ ಸಿಗುವ ಗುಣ ಹೆಚ್ಚಾಗಿ ಅದರಿಂದ ಅಂತ ಲೆಕ್ಕ.

ಹಾಗಾಗಿ ನಿಮ್ಮ ಬೆರಳಿನದು ಉರಿಯೂತ ಅಂತ ಗೊತ್ತಾದರೆ, ಮೆಸಲಮೈನ್ ಬದಲು ಸಲ್ಫಾಸಲಜಿನ್ ಆಗಬಹುದಾ ಅಂತ ಕೇಳಬಹುದು. ಸಲ್ಫಾ ಅಲರ್ಜಿ ಇದ್ದವರಿಗೆ ಆಗದು. ತಲೆನೋವು, ವಾಕರಿಕೆ ಬರಬಹುದು, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಹೆದರಿಸಬಹುದು. ಫೋಲಿಕ್ ಆ್ಯಸಿಡ್ ಜೊತೆಗೆ ಬೇಕು, ಶುರುವಿನ ತಿಂಗಳುಗಳಲ್ಲಿ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಇದಕ್ಕೂ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್ ಥರದ ಇಂಜೆಕ್ಷನ್‌ಗಳು ಎರಡೂ ಕಾಯಿಲೆಗೆ ಕೆಲಸ ಮಾಡುತ್ತವೆ. ಅದೇ ಸಾಲಿನ ಎಟನರ್ಸೆಪ್ಟ್ ಕೀಲಿಗೆ ಚೆನ್ನಾಗಿ ಕೆಲಸ ಮಾಡಿದರೂ ಕರುಳಿಗೆ ಉಪಯೋಗವಿಲ್ಲ. ಇದಕ್ಕೇ ಕೀಲಿನ ಡಾಕ್ಟರೂ ಕರುಳಿನ ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡಬೇಕು ಅನ್ನುವುದು. ಅವರು ತಾವಾಗಿ ಮಾತಾಡುತ್ತಾರೆ ಅಂತ ಕಾಯಬೇಡಿ. ಇವರ ಚೀಟಿ ಅವರಿಗೆ ತೋರಿಸಿ, ಅವರ ಚೀಟಿ ಇವರಿಗೆ ತೋರಿಸಿ.

ಇನ್ನು ಮಂಡಿ. ಇದು ಸವೆತದ ನೋವು, ಇವತ್ತು ಶಾಲೆಯಲ್ಲಿ ನಿಲ್ಲಬೇಕು, ಏನು ಮಾಡೋಣ?

ನಾನಾದರೆ ಜೆಲ್‌ನಿಂದ ಶುರು ಮಾಡುತ್ತೇನೆ. ಡೈಕ್ಲೋಫೆನಾಕ್ ಜೆಲ್ ಅಂದ ಕೂಡಲೇ ಹೆದರಬೇಡಿ. ಔಷಧಿ ಅದೇ, ದಾರಿ ಬೇರೆ. ಒಂದು ಮಂಡಿಗೆ ಹೇಳಿದ ಪ್ರಮಾಣದಲ್ಲಿ ಹಚ್ಚಿದರೆ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಶೇ. 6ರಷ್ಟು. ಮಂಡಿ ಮತ್ತು ಬೆರಳು ಚರ್ಮಕ್ಕೆ ಹತ್ತಿರದ ಕೀಲುಗಳು, ಅಲ್ಲಿ ಕೆಲಸ ಮಾಡುತ್ತದೆ. ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ತಲುಪದು. ಎಷ್ಟು ಕೆಲಸ ಮಾಡುತ್ತದೆ ಅಂತಲೂ ಹೇಳಿಬಿಡುತ್ತೇನೆ, ಸುಮ್ನೆ ಆಸೆ ಹುಟ್ಟಿಸುವುದು ಬೇಡ. ಆರರಿಂದ ಹನ್ನೆರಡು ವಾರ ಹಚ್ಚಿದವರಲ್ಲಿ ಹತ್ತಕ್ಕೆ ಆರು ಜನರಿಗೆ ನೋವು ಅರ್ಧಕ್ಕಿಳಿಯಿತು. ಔಷಧಿಯೇ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲೂ ಹತ್ತಕ್ಕೆ ಐದು ಜನರಿಗೆ ಇಳಿಯಿತು. ಅಂತರ ಚಿಕ್ಕದು. ಆದರೆ ಕರುಳಿಗೆ ತೀರಾ ಕಡಿಮೆ ಅಪಾಯದಲ್ಲಿ ಸಿಗುವ ಲಾಭ, ನನಗೆ ಸಾಕು.

ಹಚ್ಚುವುದರಲ್ಲೇ ಹೆಚ್ಚಿನವರು ಎಡವುವುದು. ಕಡಲೆಕಾಳಿನಷ್ಟು ತೆಗೆದು ನೋವಿರುವ ಒಂದೇ ಚುಕ್ಕೆಗೆ ತಿಕ್ಕುತ್ತಾರೆ. ಶೇ. 1ರ ಜೆಲ್ ಆದರೆ ಮಂಡಿಗೆ ಒಂದು ಸಲಕ್ಕೆ 4 ಗ್ರಾಂ ಬೇಕು, ಅಂದರೆ ಟ್ಯೂಬಿನಿಂದ ಹಿಂಡಿದಾಗ ಸುಮಾರು 11 ಸೆಂ.ಮೀ. ಉದ್ದದ ಗೆರೆ. ಮಂಡಿಯ ಚಿಪ್ಪಿನ ಮೇಲೆ, ಎರಡು ಬದಿ, ಹಿಂಭಾಗ, ಹೀಗೆ ಸುತ್ತಲೂ ಹಚ್ಚಿ. ದಿನಕ್ಕೆ ನಾಲ್ಕು ಸಲ. ಬೆರಳಿಗಾದರೆ ಅದರರ್ಧ ಸಾಕು, ಹಚ್ಚಿದ ಮೇಲೆ ಒಂದು ಗಂಟೆ ಕೈ ತೊಳೆಯಬೇಡಿ. ಮೇಲೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಬೇಡಿ, ಬಿಸಿ ಶಾಖ ಕೊಡಬೇಡಿ. ನಾಲ್ಕಾರು ಕೀಲಿಗೆ ಒಟ್ಟಿಗೆ ಹಚ್ಚಿಕೊಂಡರೆ ಆ ಶೇ. 6ರ ಲೆಕ್ಕ ತಪ್ಪುತ್ತದೆ, ಆದ್ದರಿಂದ ಸದ್ಯಕ್ಕೆ ಮಂಡಿಗೆ ಮಾತ್ರ. ಹೊಟ್ಟೆ ಪೂರ್ತಿ ಸಮಾಧಾನವಾದ ಮೇಲೆ, ನಿಮ್ಮ ಡಾಕ್ಟರಿಗೆ ಹೇಳಿಯೇ ಶುರು ಮಾಡಿ. ಎರಡು ವಾರ ನೋಡಿ. ಭೇದಿ ಹೆಚ್ಚಾದರೆ ಅದನ್ನೂ ಬಿಡಿ.

ಜೆಲ್ ಕೂಡ ಬೇಡ ಅನಿಸಿದರೆ ಕ್ಯಾಪ್ಸೈಸಿನ್ ಕ್ರೀಮ್ ಇದೆ, ಮೆಣಸಿನಕಾಯಿಯ ಖಾರದ ಸಾರ. ಮೊದಲ ವಾರ ಉರಿಯುತ್ತದೆ, ಬಿಡದೆ ಹಚ್ಚಿದರೆ ಆಮೇಲೆ ನೋವು ಮಂಕಾಗುತ್ತದೆ. ಹಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡವರು ಆ ದಿನ ಮರೆಯುವುದಿಲ್ಲ.

ಪ್ಯಾರಸಿಟಮಾಲ್ ವಿಷಯ. ಒಂದು ಮಾತ್ರೆ, ಅಂದರೆ 500 ಮಿ.ಗ್ರಾಂ., ದೊಡ್ಡವರಿಗೆ ಕಡಿಮೆ. ತೂಕ 50 ಕೆ.ಜಿ.ಗಿಂತ ಜಾಸ್ತಿ ಇದ್ದು ಲಿವರ್ ಚೆನ್ನಾಗಿದ್ದರೆ ಒಂದು ಸಲಕ್ಕೆ ಎರಡು ಮಾತ್ರೆ, ಆರು ಗಂಟೆಗೆ ಕಡಿಮೆಯಿಲ್ಲದ ಅಂತರದಲ್ಲಿ, ದಿನಕ್ಕೆ ಮೂರು ಸಲದವರೆಗೆ. ಅಲ್ಲಿಗೆ 3 ಗ್ರಾಂ. ಆರೋಗ್ಯವಂತರಿಗೆ ಮೇಲಿನ ಮಿತಿ 4 ಗ್ರಾಂ ಅಂತ ಬರೆದಿರುತ್ತಾರೆ, ದಿನಗಟ್ಟಲೆ ತಗೊಳ್ಳುವವರಿಗೆ ನಾನು ಅಲ್ಲಿಯವರೆಗೆ ಹೋಗಲು ಬಿಡುವುದಿಲ್ಲ. ನೋವು ಏರಿದ ಮೇಲೆ ತಗೊಳ್ಳುವ ಬದಲು, ಪಾಠಕ್ಕೆ ನಿಲ್ಲುವ ಒಂದು ಗಂಟೆ ಮುಂಚೆ ತಗೊಂಡು ನೋಡಿ. ಸವೆತದ ನೋವಿಗೆ ಇದು ದುರ್ಬಲ ಔಷಧಿ ಅನ್ನುವುದು ನಿಜ, ಈಗಿನ ಎಷ್ಟೋ ಮಾರ್ಗಸೂಚಿಗಳು ಇದನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸಿವೆ. ಆದರೆ ನಿಮ್ಮ ಕರುಳಿಗೆ ತೊಂದರೆ ಕೊಡದೆ ಒಂದಿಷ್ಟು ಮೆತ್ತಗೆ ಮಾಡುತ್ತದೆ ಅಂದರೆ ಬಿಡುವುದೇಕೆ? ಎರಡು ಎಚ್ಚರಿಕೆ. ನೆಗಡಿ ಜ್ವರದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ, ಅದೂ ಲೆಕ್ಕಕ್ಕೆ ಸೇರಬೇಕು. ಮತ್ತೆ, ಒಂದೇ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಬೆರೆಸಿದ್ದು ಸಿಗುತ್ತದೆ. "ಪ್ಯಾರಸಿಟಮಾಲೇ, ಸ್ವಲ್ಪ ಸ್ಟ್ರಾಂಗ್" ಅಂತ ಯಾರಾದರೂ ಕೊಟ್ಟರೆ ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಕೊಲೈಟಿಸ್ ಇರುವ ಕೆಲವರಿಗೆ ಪಿತ್ತನಾಳದ ಕಾಯಿಲೆಯೂ ಇರುತ್ತದೆ, ಆದ್ದರಿಂದ ದಿನವೂ ತಗೊಳ್ಳುವ ಮುಂಚೆ ಲಿವರ್ ಪರೀಕ್ಷೆ ಒಂದು ಸಲ ಆಗಲಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸೇರಿದರೂ, ಸವೆದ ಮಂಡಿಗೆ ತೊಡೆಯ ಮುಂಭಾಗದ ಸ್ನಾಯುವಿನಷ್ಟು ದೊಡ್ಡ ನೆಂಟ ಇನ್ನೊಬ್ಬನಿಲ್ಲ. ಮೆಟ್ಟಿಲಿಳಿಯುವಾಗ ಮಂಡಿಗೆ ಬೀಳುವ ಪೆಟ್ಟನ್ನು ಅದು ತಾನು ತಗೊಳ್ಳುತ್ತದೆ. ನೋವು ಅಂತ ಕೂತಷ್ಟೂ ಅದು ಸೊರಗುತ್ತದೆ. ಬೇಕಾದರೆ ಈಗಲೇ ಕುರ್ಚಿಯಲ್ಲಿ ಕೂತು ಎರಡೂ ತೊಡೆ ಮುಟ್ಟಿ ನೋಡಿ. ಮೂರು ವರ್ಷದಿಂದ ಬಲಗಾಲಿಗೆ ಭಾರ ಬಿಡದೆ ನಡೆದಿದ್ದರೆ ಬಲಗಡೆಯದು ಮೆತ್ತಗೆ, ತೆಳ್ಳಗೆ ಆಗಿರುತ್ತದೆ.

ಹಾಗೇ ಕೂತಲ್ಲಿಂದಲೇ ಶುರು ಮಾಡಿ. ಬಲಗಾಲನ್ನು ನಿಧಾನಕ್ಕೆ ನೇರವಾಗಿ ಎತ್ತಿ, ಪಾದದ ಬೆರಳನ್ನು ನಿಮ್ಮ ಕಡೆ ಎಳೆದುಕೊಳ್ಳಿ. ತೊಡೆ ಗಟ್ಟಿಯಾಗುವುದು ಕಾಣುತ್ತದೆ. ಐದು ಎಣಿಸಿ, ನಿಧಾನಕ್ಕೆ ಇಳಿಸಿ. ಹತ್ತು ಸಲ, ಎರಡೂ ಕಾಲಿಗೆ. ಒಂದು ವಾರ ಆದ ಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಸೇರಿಸಿ. ಕುರ್ಚಿ ಎತ್ತರವಿದ್ದಷ್ಟೂ ಸುಲಭ, ದಿಂಬು ಹಾಕಿ ಎತ್ತರಿಸಿಕೊಂಡರೂ ನಡೆಯುತ್ತದೆ. ಮಾಡುವಾಗ ನೋಯುತ್ತದೆಯಲ್ಲ ಅಂತ ಕೇಳುತ್ತೀರಿ. ಹತ್ತಕ್ಕೆ ನಾಲ್ಕರಷ್ಟು ನೋವು ಬಂದರೆ ಪರವಾಗಿಲ್ಲ, ಮಾರನೇ ದಿನ ಬೆಳಗ್ಗೆಗೆ ಮೊದಲಿನಷ್ಟಕ್ಕೆ ಇಳಿದಿದ್ದರೆ ಸಾಕು. ಇಳಿದಿಲ್ಲವಾ, ಅವತ್ತು ಅರ್ಧ ಮಾಡಿ. ನಿಲ್ಲಿಸಬೇಡಿ. ಎರಡು ವಾರಕ್ಕೇ ಫಲ ಕಾಣದು, ಎಂಟು ವಾರ ಕೊಡಿ. ನನ್ನಲ್ಲಿ ಬರುವವರಲ್ಲಿ ಆರನೇ ವಾರಕ್ಕೆ ಬೇಸತ್ತು ಬಿಟ್ಟವರೇ ಜಾಸ್ತಿ.

ತೂಕ ಜಾಸ್ತಿ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ, ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕೆ.ಜಿ. ಭಾರ ಕಡಿಮೆ. ಆದರೆ ಕೊಲೈಟಿಸ್ ಕೆರಳಿರುವಾಗ ಪಥ್ಯ, ಉಪವಾಸ ಬೇಡ. ಆ ಹೊತ್ತಿನಲ್ಲಿ ತಾನಾಗಿ ತೂಕ ಇಳಿದರೆ ಅದು ಕಾಯಿಲೆ ತಿಂದ ತೂಕ. ಊರುಗೋಲು ಹಿಡಿಯಲು ಸಂಕೋಚ ಇಲ್ಲದಿದ್ದರೆ ಅದನ್ನು ನೋವಿಲ್ಲದ ಕಡೆಯ ಕೈಯಲ್ಲಿ, ಅಂದರೆ ಎಡಗೈಯಲ್ಲಿ ಹಿಡಿಯಿರಿ. ಹೆಚ್ಚಿನವರು ತಿರುಗುಮುರುಗು ಹಿಡಿಯುತ್ತಾರೆ. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರುವಷ್ಟು ಎತ್ತರ ಇರಲಿ. ತರಗತಿಯಲ್ಲಿ ಒಂದು ಎತ್ತರದ ಸ್ಟೂಲ್ ಇಟ್ಟುಕೊಂಡು ಅರ್ಧ ಕೂತು, ಅರ್ಧ ನಿಂತು ಪಾಠ ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ.

ಇದೆಲ್ಲ ಮಾಡಿಯೂ ಸಾಲದಿದ್ದರೆ? ಆಗ ಮುಂದಿನ ಸಾಲು.

ಮಂಡಿ ಊದಿಕೊಂಡಿದ್ದರೆ ಕೀಲಿನೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಬಹುದು. ಕೆಲವು ವಾರ ಒಳ್ಳೆಯ ಆರಾಮ ಸಿಗುತ್ತದೆ, ಆ ಸಮಯವನ್ನು ವ್ಯಾಯಾಮಕ್ಕೆ ಬಳಸಿಕೊಳ್ಳಬೇಕು. ಪದೇ ಪದೇ ಬೇಡ. ಎರಡು ವರ್ಷ ಮೂರು ತಿಂಗಳಿಗೊಂದರಂತೆ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ನೋವಿಗೆ ಹೆಚ್ಚಿನ ಲಾಭವಾಗಲಿಲ್ಲ, ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಮಾತ್ರ ಇನ್ನಷ್ಟು ತೆಳುವಾಯಿತು. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ.

ಸೆಲೆಕಾಕ್ಸಿಬ್ ಹೆಸರು ನೀವು ಕೇಳಿರಬಹುದು. ನೋವಿನ ಕಡೆಯ ಬಾಗಿಲನ್ನು ಮಾತ್ರ ಮುಚ್ಚಿ ಹೊಟ್ಟೆಯ ಕಡೆಯದನ್ನು ಬಹುಪಾಲು ಬಿಡಲಿ ಅಂತ ಮಾಡಿದ್ದು. 2010ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನೂ, ಡೈಕ್ಲೋಫೆನಾಕ್ ಜೊತೆ ಗ್ಯಾಸ್ ಮಾತ್ರೆ ಸೇರಿಸಿ ಕೊಟ್ಟದ್ದನ್ನೂ ಹೋಲಿಸಿದರು. ಆರು ತಿಂಗಳಲ್ಲಿ ಹೊಟ್ಟೆ ಕರುಳಿಗೆ ಗಣನೀಯ ತೊಂದರೆಯಾಗಿದ್ದು ಸೆಲೆಕಾಕ್ಸಿಬ್ ತಗೊಂಡವರಲ್ಲಿ ಶೇ. 0.9 ಜನಕ್ಕೆ, ಡೈಕ್ಲೋಫೆನಾಕ್ ಜೊತೆ ಗ್ಯಾಸ್ ಮಾತ್ರೆ ತಗೊಂಡವರಲ್ಲಿ ಶೇ. 3.8 ಜನಕ್ಕೆ. ಆದರೆ ಅವರು ನಿಮ್ಮ ಥರದ ರೋಗಿಗಳಲ್ಲ. ಕೊಲೈಟಿಸ್ ಶಾಂತವಾಗಿರುವವರಲ್ಲೂ ಒಂದು ಅಧ್ಯಯನ ಆಗಿದೆ, ಕಾಯಿಲೆ ಮರುಕಳಿಸಿದ್ದು ಖಾಲಿ ಮಾತ್ರೆಯವರಿಗಿಂತ ಹೆಚ್ಚಿರಲಿಲ್ಲ. ಅವರು ತಗೊಂಡಿದ್ದು ಬರೀ 14 ದಿನ. ಅಷ್ಟರ ಮೇಲೆ ವರ್ಷಗಟ್ಟಲೆ ತಗೊಳ್ಳಿ ಅನ್ನಲು ನನಗೆ ಧೈರ್ಯವಿಲ್ಲ. ಇದೇ ಗುಂಪಿನ ರೊಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸುತ್ತದೆ ಅಂತ 2004ರಲ್ಲಿ ಮಾರುಕಟ್ಟೆಯಿಂದಲೇ ಹೋಯಿತು, ಹಾಗಾಗಿ ಹೃದಯ, ಬಿಪಿ, ಕಿಡ್ನಿ ಮೂರನ್ನೂ ನೋಡದೆ ಸೆಲೆಕಾಕ್ಸಿಬ್ ಬರೆಯುವಂತಿಲ್ಲ. ಕರುಳು ತಿಂಗಳುಗಟ್ಟಲೆ ಶಾಂತವಾಗಿದ್ದು, ಕರುಳಿನ ಡಾಕ್ಟರು ಒಪ್ಪಿದರೆ, ಕಡಿಮೆ ದಿನಕ್ಕೆ, ಕಡಿಮೆ ಪ್ರಮಾಣದಲ್ಲಿ. ಈಗಂತೂ ಬೇಡ.

ಅಫೀಮಿನ ಜಾತಿಯ ನೋವಿನ ಔಷಧಿಗಳಾದ ಟ್ರಮಡಾಲ್, ಕೊಡೀನ್ ನನ್ನ ಪಟ್ಟಿಯ ತೀರಾ ಕೊನೆಯಲ್ಲಿವೆ. ಇವು ಕರುಳಿನ ಚಲನೆಯನ್ನೇ ನಿಧಾನಿಸುತ್ತವೆ. ಕೊಲೈಟಿಸ್ ಜೋರಾಗಿ ಕೆರಳಿರುವಾಗ ತಗೊಂಡರೆ ದೊಡ್ಡ ಕರುಳು ಬಲೂನಿನಂತೆ ಉಬ್ಬುವ ಅಪಾಯವಿದೆ, ಅದು ತುರ್ತು ಪರಿಸ್ಥಿತಿ. ದುಲಾಕ್ಸೆಟಿನ್ ಅನ್ನುವುದು ಮೂಲತಃ ಖಿನ್ನತೆಯ ಔಷಧಿ, ದೀರ್ಘಕಾಲದ ಮಂಡಿನೋವಿಗೂ ಕೆಲವರಿಗೆ ಹಿಡಿಯುತ್ತದೆ. ಶುರುವಿನಲ್ಲಿ ವಾಕರಿಕೆ, ಡೈಕ್ಲೋಫೆನಾಕ್ ಥರದ್ದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ.

ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಕೇಳುವವರಿಗೆ ನಾನು ದುಡ್ಡು ಉಳಿಸಿಕೊಳ್ಳಿ ಅನ್ನುತ್ತೇನೆ. ಹೆಚ್ಚು ಚಿಂತೆ ನನಗೆ ಹೆಸರಿಲ್ಲದ ನೋವಿನ ಪುಡಿಗಳ ಬಗ್ಗೆ. "ಎರಡೇ ದಿನಕ್ಕೆ ಎದ್ದು ಓಡಾಡಿದೆ" ಅಂತ ಯಾರಾದರೂ ಹೇಳಿದರೆ, ಅದರೊಳಗೆ ಸ್ಟಿರಾಯ್ಡೋ ಡೈಕ್ಲೋಫೆನಾಕೋ ಬೆರೆಸಿರಬಹುದು ಅನ್ನುವುದೇ ನನ್ನ ಮೊದಲ ಗುಮಾನಿ. ಪರೀಕ್ಷೆಯಲ್ಲಿ ಹಾಗೆ ಸಿಕ್ಕಿಬಿದ್ದವು ಬೇರೆ ಬೇರೆ ದೇಶಗಳಲ್ಲಿವೆ. ಸ್ಟಿರಾಯ್ಡೂ ನೋವಿನ ಮಾತ್ರೆಯೂ ಒಟ್ಟಿಗೆ ಸೇರಿದರೆ ಹುಣ್ಣಿನ ಅಪಾಯ ಹಲವು ಪಟ್ಟು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನೂ ಹೇಳಿಬಿಡುತ್ತೇನೆ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾದರೆ (ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಸಾಮಾನ್ಯವಾಗಿ ಅಂಟಾಗಿ ನಾರುವುದಿಲ್ಲ), ಕಾಫಿಪುಡಿಯಂಥ ವಾಂತಿಯಾದರೆ, ಮತ್ತೆ ರಕ್ತ ಬಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಾದರೆ, ಹೊಟ್ಟೆ ಉಬ್ಬಿ ಮುಟ್ಟಿದರೆ ನೋಯುತ್ತಿದ್ದರೆ. ಮಂಡಿಯದೂ ಒಂದಿದೆ: ಒಂದೇ ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿ, ಜ್ವರವೂ ಬಂದರೆ ಒಳಗೆ ಕೀವಾಗಿರಬಹುದು. ಅದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಕೊನೆಗೆ ಡ್ರಾಯರಿನಲ್ಲಿರುವ ಆ ಆರು ಮಾತ್ರೆ. ಬೇಡ, ಒಂದೂ ಬೇಡ. ಅಪರೂಪಕ್ಕೊಂದು ತಗೊಂಡರೆ ಏನೂ ಆಗದೆಯೂ ಇರಬಹುದು. ಆದರೆ ತಡೆಯಲಾಗದ ನೋವು ಒಂದೇ ದಿನಕ್ಕೆ ಬಂದು ಹೋಗುವುದಿಲ್ಲ, ಒಂದು ಮಾತ್ರೆ ನಾಲ್ಕಾಗುತ್ತದೆ. ನಾಳೆ ಅವನ್ನು ಮೆಡಿಕಲ್ ಶಾಪಿಗೇ ತಗೊಂಡು ಹೋಗಿ ಕೊಟ್ಟುಬಿಡಿ. ಕೊಡುವ ಮುಂಚೆ ಪಟ್ಟಿಯ ಮೇಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಕೆಳಗೆ "ಎಂಟನೇ ದಿನ ರಕ್ತಭೇದಿ" ಅಂತ ತಾರೀಖು ಹಾಕಿ ಪರ್ಸಿನಲ್ಲಿಟ್ಟುಕೊಳ್ಳಿ. ಹಲ್ಲಿನ ಡಾಕ್ಟರಾಗಲಿ, ಬೆನ್ನಿನ ಡಾಕ್ಟರಾಗಲಿ, ನೋವಿಗೆ ಅಂತ ಚೀಟಿ ಬರೆಯುವ ಮುಂಚೆ ನಿಮ್ಮ ಚೀಟಿ ತೆಗೆದು ತೋರಿಸಿ.